ಹೊಲಗಾವಲಿನ ಬಂದೂಕು ಮತ್ತು ಜಿಂಕೆಯ ಬೇಟೆಯ ರೈಫಲು: ಬೋರಿನ ವಿಚಾರ

ರಾಗಿಯ ತೆನೆ ಹಾಲುಗಟ್ಟುವ ಕಾಲದಲ್ಲಿಯೂ ಅವರೆ ಹೂವಿಗೆ ಬರುವ ಕಾಲದಲ್ಲಿಯೂ ಕಾಡಂಚಿನ ಹೊಲಗಳನ್ನುಳ್ಳ ರೈತರು ಬಂದೂಕಿನ ವಿಚಾರವನ್ನು ಎತ್ತುವುದು ವಾಡಿಕೆ. ಒಂದು ರಾತ್ರಿ ಐದಾರು ಜಿಂಕೆಗಳು ಇಳಿದರೆ ಎಕರೆಗಟ್ಟಲೆ ಪೈರಿನ ಕುಡಿ ಮಾಯವಾಗುವುದೆಂಬುದು ಸುಳ್ಳಲ್ಲ. ಆಗ ಕೇಳಲ್ಪಡುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: ಜಿಂಕೆಗೆ ಯಾವ ಬೋರಿನ ರೈಫಲು ತಕ್ಕುದು? ಈ ಪ್ರಶ್ನೆಗೆ ಬೇಟೆಗಾರರ ಅನುಭವದಲ್ಲಿ ಉತ್ತರವುಂಟು; ಅದನ್ನು ಮರೆಮಾಚದೆ ಇಲ್ಲಿ ತಿಳಿಸಲಾಗುವುದು. ಆದರೆ ಆ ಉತ್ತರವು ಹೊಲದ ಯಜಮಾನನಿಗೆ ಏಕೆ ಸಲ್ಲುವುದಿಲ್ಲವೆಂಬುದನ್ನೂ ತಿಳಿಸದಿದ್ದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು.

ಮೊದಲು ಬೋರೆಂದರೇನೆಂಬುದನ್ನು ತಿಳಿಯಬೇಕು. ಬಂದೂಕಿನ ಅಂಗಡಿಯಲ್ಲಿ ಹೇಳುವ ಅಂಕಿಗಳಲ್ಲಿ ಎರಡು ಬಗೆಯ ಲೆಕ್ಕ ಬೆರೆತಿರುವುದರಿಂದ ಹಳ್ಳಿಯವರು ಹಲವು ವೇಳೆ ಮೋಸಹೋಗುತ್ತಾರೆ. ಚರೆ ಹಾರಿಸುವ ಬಂದೂಕಿನಲ್ಲಿ ಹನ್ನೆರಡು ಬೋರು ಎಂದರೆ, ನಳಿಗೆಯ ಒಳ ಅಗಲಕ್ಕೆ ಸರಿಯಾಗುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುವುವು ಎಂದರ್ಥ. ಹದಿನಾರು ಬೋರಿಗೆ ಅಂತಹ ಗುಂಡುಗಳು ಹದಿನಾರು ಬೇಕು. ಆದಕಾರಣ ಅಂಕಿ ಹೆಚ್ಚಿದಷ್ಟೂ ನಳಿಗೆಯು ಕಿರಿದು. ಹನ್ನೆರಡು ಬೋರಿನ ಒಳ ಅಗಲವು ·೭೨೯ ಅಂಗುಲ. ರೈಫಲಿನ ಲೆಕ್ಕವು ಬೇರೆ. ಅಲ್ಲಿ ·೩೧೫ ಎಂದರೆ ಅಂಗುಲದ ಸಾವಿರ ಪಾಲುಗಳಲ್ಲಿ ಮುನ್ನೂರ ಹದಿನೈದು, ಅಂದರೆ ಸುಮಾರು ೮ ಮಿಲಿಮೀಟರು. ಇಲ್ಲಿ ಅಂಕಿ ಹೆಚ್ಚಿದರೆ ನಳಿಗೆಯೂ ಹಿರಿದು. ಚರೆಯ ಬಂದೂಕುಗಳಲ್ಲಿ ·೪೧೦ ಎಂಬುದೊಂದು ಮಾತ್ರ ಅಂಗುಲದ ಲೆಕ್ಕಕ್ಕೆ ಸೇರಿದ್ದು. ರೈಫಲಿನ ನಳಿಗೆಯೊಳಗೆ ಸುರುಳಿಯಾದ ಗೆರೆಗಳನ್ನು ಕೊರೆದಿರುತ್ತಾರೆ. ಗುಂಡು ಆ ಗೆರೆಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ದಾರಿ ತಪ್ಪದೆ ಬಹುದೂರ ಹೋಗುತ್ತದೆ. ಚರೆಯ ಬಂದೂಕಿನ ನಳಿಗೆಯು ಒಳಗೆ ನುಣುಪಾಗಿರುತ್ತದೆ. ಈ ಒಂದು ಭೇದವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನದೆಲ್ಲವೂ ಅದರಿಂದಲೇ ಹುಟ್ಟುವುದು.

ನಳಿಗೆಯ ಅಗಲವೊಂದೇ ಪೆಟ್ಟಿನ ಬಲವನ್ನು ನಿರ್ಣಯಿಸುವುದಿಲ್ಲ. ಗುಂಡಿನ ತೂಕ, ಅದರ ವೇಗ, ಅದರ ಮೂತಿಯ ರಚನೆ, ಈ ಮೂರೂ ಕೂಡಬೇಕು. ·೨೨ರ ಸಣ್ಣ ತೋಟಾದಲ್ಲಿರುವ ಗುಂಡಿನ ತೂಕ ೪೦ ಗ್ರೇನು. ೧೯೦೬ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಏರ್ಪಟ್ಟು ಆಮೇಲೆ ಲೋಕದ ಬೇಟೆಗಾರರೆಲ್ಲ ಮೆಚ್ಚಿದ ·೩೦-೦೬ ಎಂಬ ತೋಟಾದಲ್ಲಿ ೧೮೦ ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು ೨,೭೦೦ ಅಡಿಯ ವೇಗದಿಂದ ಹೊರಡುತ್ತದೆ. ಅಗಲದಲ್ಲಿ ಎರಡಕ್ಕೂ ಅಂತರ ಅಂಗುಲದ ಹತ್ತನೆಯ ಒಂದು ಪಾಲೂ ಇಲ್ಲ. ಬಲದಲ್ಲಿಯಾದರೋ ಮೊದಲನೆಯದು ಎರಡನೆಯದರ ಇಪ್ಪತ್ತರಲ್ಲಿ ಒಂದು ಪಾಲು. ಮೂತಿಯ ವಿಚಾರವೂ ಹೀಗೆಯೇ. ಸೈನ್ಯದ ಗುಂಡಿಗೆ ಸುತ್ತಲೂ ಗಟ್ಟಿ ಲೋಹದ ಕವಚವಿರುತ್ತದೆ. ಅದು ಪ್ರಾಣಿಯ ಮೈಯನ್ನು ಸೂಜಿಯಂತೆ ತೂರಿ ಆಚೆಗೆ ಹೋಗುವುದು. ಪ್ರಾಣಿಯು ಒಡನೆ ಬೀಳದೆ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುವುದು. ಬೇಟೆಯ ಗುಂಡಿನ ಮೂತಿಯಲ್ಲಿ ಮೆತ್ತನೆಯ ಸೀಸವು ಹೊರಗೆ ಕಾಣುವಂತಿದ್ದು, ತಗುಲಿದೊಡನೆ ಅಣಬೆಯಂತೆ ಅರಳಿ ತನ್ನ ಬಲವನ್ನು ಮೈಯೊಳಗೇ ಕಳೆಯುತ್ತದೆ.

ಇನ್ನು ಮೃಗಗಳ ವಿಚಾರ. ನಮ್ಮ ಬಯಲುಸೀಮೆಯಲ್ಲಿ ಜಿಂಕೆಯೆಂಬ ಒಂದೇ ಮಾತಿನಿಂದ ಹಲವು ಪ್ರಾಣಿಗಳನ್ನು ಕರೆಯುತ್ತಾರೆ. ಬನ್ನೇರುಘಟ್ಟದ ಕಾಡಿನಲ್ಲಿ ಕಾಣುವ ಚುಕ್ಕೆಜಿಂಕೆಯ ಗಂಡು ೭೦ರಿಂದ ೮೫ ಕಿಲೋ ತೂಗುತ್ತದೆ. ಕಡವೆಯ ಗಂಡು ಇನ್ನೂರು ಕಿಲೋ ಮೀರುವುದು ಸಾಮಾನ್ಯ. ಕಾಡುಕುರಿಯು ೨೦ರಿಂದ ೨೮ ಕಿಲೋ ಮಾತ್ರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಹಿಂಡಾಗಿ ಮೇಯುವ ಕೃಷ್ಣಮೃಗವು ಶಾಸ್ತ್ರರೀತಿಯಾಗಿ ಜಿಂಕೆಯೇ ಅಲ್ಲ. ಜಿಂಕೆ ಕಡವೆಗಳ ಕೊಂಬು ಕವಲೊಡೆದು ಕಾಲಕಾಲಕ್ಕೆ ಉದುರಿ ಮತ್ತೆ ಹುಟ್ಟುವುದು. ಕೃಷ್ಣಮೃಗದ ಸುರುಳಿಕೊಂಬು ಆಡಿನ ಕೊಂಬಿನಂತೆ ಜೀವಮಾನವಿಡೀ ಇರುವುದು. ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಕಾಯಿದೆಯಲ್ಲಿ ಅದಕ್ಕೆ ಬಹಳ ಬೆಲೆಯುಂಟೆಂಬುದು ಮುಂದೆ ಗೊತ್ತಾಗುವುದು.

ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೦೧ರ ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ನಿಗೆ ಒಳಪಟ್ಟು ಬೇಟೆ ನಡೆಯುತ್ತಿದ್ದಾಗ, ಅನುಭವಸ್ಥರ ಅಭಿಪ್ರಾಯವು ಸ್ಥೂಲವಾಗಿ ಹೀಗಿತ್ತು. ಚುಕ್ಕೆಜಿಂಕೆ, ಕೃಷ್ಣಮೃಗಗಳಿಗೆ ·೨೪೦ರಿಂದ ·೩೦ರವರೆಗಿನ ವೇಗದ ರೈಫಲುಗಳು ತಕ್ಕುವು. ಅವುಗಳ ನಡುವೆ ·೨೭೫ಕ್ಕೆ, ಅಂದರೆ ೭ ಮಿಲಿಮೀಟರಿನ ಮೌಸರಿಗೆ, ಒಳ್ಳೆಯ ಹೆಸರಿತ್ತು. ಕಡವೆಗೆ ·೩೦ ಅಥವಾ ಅದಕ್ಕೆ ಮೇಲ್ಪಟ್ಟದ್ದು ಬೇಕು. ೧೯೧೨ರಲ್ಲಿ ಬಂದ ·೩೭೫ ಮ್ಯಾಗ್ನಮ್ ರೈಫಲು ಕಡವೆಯಿಂದ ಹುಲಿಯವರೆಗೆ ಸಾಲುವುದು. ಬೆಂಗಳೂರಿನ ನಿವಾಸಿಯಾಗಿದ್ದು ನರಭಕ್ಷಕಗಳ ಬೇಟೆಯಿಂದ ಹೆಸರಾದ ಕೆನೆತ್ ಆಂಡರ್ಸನ್ ಅವರು (೧೯೧೦–೧೯೭೪) ಬಹುಕಾಲ ನೆಚ್ಚಿದ್ದು ·೪೦೫ರ ವಿಂಚೆಸ್ಟರ್ ರೈಫಲನ್ನು. ಅದರ ಗುಂಡು ೩೦೦ ಗ್ರೇನು ತೂಗುವುದು. ಹುಲಿಗೆ ಅದು ಸರಿ. ಕಾಡುಕುರಿಗೆ ಅದನ್ನು ಹಿಡಿಯುವುದು ಸೊಳ್ಳೆಗೆ ಒನಕೆ ಎತ್ತಿದಂತೆ.

ಬೇಟೆಯು ಇಂದಿಗೂ ಕಾಯಿದೆಬದ್ಧವಾಗಿರುವ ದೇಶಗಳಲ್ಲಿ ಈ ಅಭಿಪ್ರಾಯವನ್ನೇ ಶಾಸನವಾಗಿ ಬರೆದಿದ್ದಾರೆ. ಇಂಗ್ಲೆಂಡಿನ ೧೯೯೧ರ ಜಿಂಕೆಗಳ ಕಾಯಿದೆಯಂತೆ ದೊಡ್ಡ ಜಿಂಕೆಗಳಿಗೆ ·೨೪೦ ಅಂಗುಲಕ್ಕಿಂತ ಕಿರಿದಾದ ರೈಫಲನ್ನಾಗಲಿ, ೧,೭೦೦ ಅಡಿ-ಪೌಂಡಿಗಿಂತ ಕಡಿಮೆ ಬಲದ್ದನ್ನಾಗಲಿ ಉಪಯೋಗಿಸಕೂಡದು. ಗುಂಡಿನ ಮೂತಿಯು ಮೆತ್ತಗೆ ಅಥವಾ ಪೊಳ್ಳಾಗಿರಲೇಬೇಕು. ಪ್ರಾಣಿಯನ್ನು ಅರೆಗೊಲ್ಲಬಾರದೆಂಬುದೇ ಇದರ ಉದ್ದೇಶ. ·೨೨ರ ರೈಫಲು ಅಗ್ಗವೆಂದೂ ಸದ್ದು ಕಡಿಮೆಯೆಂದೂ ಅದರಿಂದ ಜಿಂಕೆಗೆ ಹೊಡೆಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇದು ಬೇಟೆಯೂ ಅಲ್ಲ, ಬೆಳೆಯ ರಕ್ಷಣೆಯೂ ಅಲ್ಲ. ಹೊಟ್ಟೆಯಲ್ಲಿ ಗುಂಡು ಹೊತ್ತ ಪ್ರಾಣಿಯು ಎರಡು ಹೊಲ ದಾಟಿ ಸಾಯುತ್ತದೆ. ಹೊಡೆದವನಿಗೆ ಅದು ದಕ್ಕುವುದೂ ಇಲ್ಲ, ಮಿಕ್ಕ ಹಿಂಡು ಮರುದಿನ ಬರುವುದು ನಿಲ್ಲುವುದೂ ಇಲ್ಲ.

·೩೧೫ರ ವಿಚಾರವಾಗಿ ಒಂದೆರಡು ಮಾತು ಹೇಳಬೇಕು. ಏಕೆಂದರೆ ನಮ್ಮ ದೇಶದಲ್ಲಿ ಖಾಸಗಿಯವರ ಕೈಯಲ್ಲಿರುವ ರೈಫಲುಗಳಲ್ಲಿ ಇದರ ಪ್ರಚಾರ ಬಹಳ. ಸೈನ್ಯದ ತೋಟಾಗಳು ಕಳ್ಳದಾರಿಯಿಂದ ಜನರ ಕೈಸೇರಬಾರದೆಂದು ಬ್ರಿಟಿಷ್ ಸರ್ಕಾರದವರು ·೩೦೩ನ್ನು ಖಾಸಗಿಯವರಿಗೆ ತಡೆದರು. ೧೯೦೭ರಲ್ಲಿ ·೪೫೦ ಬೋರನ್ನೂ ಹೀಗೆಯೇ ತಡೆಯಲು, ಇಂಗ್ಲೆಂಡಿನ ಬಂದೂಕು ತಯಾರಕರು ·೪೭೦ ಮುಂತಾದ ಹೊಸ ಅಳತೆಗಳನ್ನು ಹೂಡಬೇಕಾಯಿತು. ·೩೦೩ರ ಸ್ಥಾನಕ್ಕೆ ·೩೧೫ ಬಂದಿತು. ಬಂಗಾಳದ ಈಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಈ ರೈಫಲು ಜಿಂಕೆ, ಹಂದಿ, ಕಡವೆ ಮೂರಕ್ಕೂ ಸಾಕಾದಷ್ಟು ಬಲವುಳ್ಳದ್ದು. ·೩೦೩ ಇಂದಿಗೂ ನಿಷಿದ್ಧ ಬೋರುಗಳಲ್ಲಿ ಸೇರಿದೆ. ಮನೆಯ ಅಟ್ಟದಲ್ಲಿ ಹಿರಿಯರ ಕಾಲದ ಅಂತಹ ರೈಫಲೇನಾದರೂ ಇದ್ದರೆ, ಅದನ್ನು ಎಣ್ಣೆ ಸವರಿ ಬಚ್ಚಿಡದೆ ಹತ್ತಿರದ ಪೊಲೀಸು ಠಾಣೆಗೆ ತಿಳಿಸುವುದೇ ಕ್ಷೇಮ.

ಇಷ್ಟನ್ನು ಓದಿದವರು, ಹಾಗಾದರೆ ಹೊಲಕ್ಕೆ ·೩೧೫ ತರುವುದು ಸರಿಯಷ್ಟೆ ಎನ್ನಬಹುದು. ಸರಿಯಲ್ಲ. ಬೋರನ್ನು ಆರಿಸುವಾಗ ಬೇಟೆಗಾರನು ಮುಂದಿರುವ ಮೃಗವನ್ನು ನೋಡುತ್ತಾನೆ. ಹೊಲದ ಯಜಮಾನನು ಮೃಗದ ಹಿಂದಿರುವ ನೆಲವನ್ನು ನೋಡಬೇಕು.

ಮಲೆನಾಡಿನ ಕಣಿವೆಯಲ್ಲಿ ತಪ್ಪಿದ ಗುಂಡನ್ನು ಗುಡ್ಡವು ತಡೆಯುತ್ತದೆ, ಮರಗಳು ತಡೆಯುತ್ತವೆ. ಬೆಂಗಳೂರಿನ ಉತ್ತರದ ನೆಲವು ಹಾಗಲ್ಲ. ಯಶವಂತಪುರದಿಂದ ಹೆಬ್ಬಾಳ, ಹೆಬ್ಬಾಳದಿಂದ ಯಲಹಂಕ, ಅಲ್ಲಿಂದ ಹೆಸರಘಟ್ಟ, ದೊಡ್ಡಬಳ್ಳಾಪುರಗಳ ಕಡೆಗೆ ನೋಡಿದರೆ ಅಲೆಯಲೆಯಾಗಿ ಏರಿಳಿಯುವ ಬಯಲೇ ಹೊರತು ಗುಂಡಿಗೆ ಅಡ್ಡಬರುವ ಬೆಟ್ಟ ಸಿಕ್ಕುವುದು ಅಪರೂಪ. ೧೮೯೯ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಕ್ಷೇತ್ರವು ಏರ್ಪಟ್ಟಾಗ ಸುತ್ತಲೂ ಹೊಲ, ಕೆರೆ, ತೋಪುಗಳಿದ್ದುವು. ಇಂದು ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ನೇಗಿಲು ಕಾಣುವುದೇ ಇಲ್ಲ. ಯಲಹಂಕವೂ ಪಟ್ಟಣದೊಳಗೆ ಸೇರಿತು. ಹೊಲಗಳು ಅದರಾಚೆಗೆ ಸರಿದುವು. ಅಲ್ಲಿಯೂ ಎರಡು ಹೊಲಕ್ಕೊಂದು ಬಡಾವಣೆ, ಬದುವಿನ ಪಕ್ಕದಲ್ಲಿ ಹೆದ್ದಾರಿ.

·೩೦-೦೬ರಂತಹ ರೈಫಲಿನ ಗುಂಡು, ನಳಿಗೆಯನ್ನು ಸಾಕಷ್ಟು ಎತ್ತಿ ಹಾರಿಸಿದರೆ, ಮೂರು ಮೈಲಿಯಷ್ಟು ದೂರ ಹೋಗಬಲ್ಲದು. ಹೆಬ್ಬಾಳದ ಕೆರೆಯ ಏರಿಯಿಂದ ಉತ್ತರಕ್ಕೆ ಮೂರು ಮೈಲಿಯೆಂದರೆ ಜಕ್ಕೂರು. ಅಲ್ಲಿ ೧೯೪೮ರಿಂದ ವಿಮಾನ ನಡೆಸುವುದನ್ನು ಕಲಿಸುವ ಸರ್ಕಾರಿ ಶಾಲೆಯುಂಟು. ನಡುವೆ ಸಾವಿರಾರು ಮನೆಗಳುಂಟು. ಪುಟ್ಟ ·೨೨ರ ಗುಂಡು ಕೂಡ ಒಂದು ಮೈಲಿ ದಾಟಬಲ್ಲದು. ಅದರ ಪೆಟ್ಟಿಗೆಯ ಮೇಲೆಯೇ ಈ ಎಚ್ಚರಿಕೆಯನ್ನು ಅಚ್ಚುಮಾಡಿರುತ್ತಾರೆ. ಕತ್ತಲಲ್ಲಿ ಎರಡು ಹೊಳೆಯುವ ಕಣ್ಣುಗಳಿಗೆ ಗುರಿಯಿಟ್ಟವನಿಗೆ ಅವುಗಳ ಹಿಂದೆ ಇರುವುದು ಹುಣಿಸೆಯ ಮರವೋ, ಕುರಿಮಂದೆಯವನ ಗುಡಿಸಲೋ, ನೀರು ಕಟ್ಟಲು ಬಂದ ನೆರೆಹೊಲದವನೋ ತಿಳಿಯದು. ಕಣ್ಣುಗಳೇ ಕರುವಿನದೂ ನಾಯಿಯದೂ ಆಗಿರಬಹುದು.

ನುಣುಪು ನಳಿಗೆಯ ಬಂದೂಕಿನ ಲೆಕ್ಕ ನೋಡಿರಿ. ದುಂಡು ಚರೆಯು ಎಷ್ಟು ದೂರ ಹೋಗುವುದೆಂಬುದಕ್ಕೆ ಒಂದು ಸುಲಭ ಸೂತ್ರವಿದೆ: ಚರೆಯ ಅಡ್ಡಳತೆಯನ್ನು ಅಂಗುಲದಲ್ಲಿ ತೆಗೆದುಕೊಂಡು ೨,೨೦೦ರಿಂದ ಗುಣಿಸಿದರೆ ಸರಿಸುಮಾರು ಗಜಗಳು ಬರುತ್ತವೆ. ಹಕ್ಕಿಗೆ ಹೊಡೆಯುವ ೬ನೆಯ ನಂಬರಿನ ಚರೆಯು ಅಂಗುಲದ ಹತ್ತನೆಯ ಒಂದು ಪಾಲಿನಷ್ಟಿರುವುದರಿಂದ ೨೨೦ ಗಜದೊಳಗೆ ಬೀಳುತ್ತದೆ. ಔನ್ಸಿಗೆ ಎಂಟು ತೂಗುವ ಎಸ್.ಜಿ. ಚರೆಯು ಅಂಗುಲದ ಮೂರನೆಯ ಒಂದು ಪಾಲಿನಷ್ಟಿರುವುದರಿಂದ ೭೦೦ ಗಜದ ಸುಮಾರಿಗೆ ಬೀಳುತ್ತದೆ. ಹಂದಿಯಂತಹ ಪ್ರಾಣಿಯ ಮೇಲೆ ಎಸ್.ಜಿ. ಚರೆಯು ಕೆಲಸಮಾಡುವುದು ೪೦ ಗಜದೊಳಗೆ ಮಾತ್ರ. ಅದರಾಚೆಗೆ ಚರೆಗಳು ಹರಡಿ ಗಾಯವನ್ನಷ್ಟೇ ಮಾಡುತ್ತವೆ. ಈ ಕೊರತೆಯೇ ಹೊಲದಲ್ಲಿ ಅದರ ಗುಣ. ಹತ್ತಿರಕ್ಕೆ ಬಂದು, ಕಣ್ಣಿಗೆ ಸ್ಪಷ್ಟವಾಗಿ ಕಂಡ ಮೇಲೆಯೇ ಅದನ್ನು ಹಾರಿಸಬೇಕಾಗುತ್ತದೆ. ಅದೇ ಬಂದೂಕಿನಿಂದ ಒಂಟಿ ಗುಂಡನ್ನು ಹಾರಿಸಿದರೆ ಮಾತ್ರ ಈ ಭದ್ರತೆಯು ಬಹುಮಟ್ಟಿಗೆ ಹೋಗುತ್ತದೆಂದು ನೆನಪಿಡತಕ್ಕದ್ದು.

ಇದು ನಮ್ಮೊಬ್ಬರ ಯೋಚನೆಯಲ್ಲ. ಅಮೆರಿಕದಲ್ಲಿ ಬೆಟ್ಟಗಾಡಿನ ರಾಜ್ಯಗಳವರು ಜಿಂಕೆಗೆ ಬೇಕಾದ ರೈಫಲನ್ನು ಹಿಡಿಯುವರಾದರೂ, ಇಲಿನಾಯ್, ಅಯೋವಾ ಮುಂತಾದ ಸಮತಟ್ಟಾದ ಮುಸುಕಿನ ಜೋಳದ ಸೀಮೆಗಳಲ್ಲಿ ಬಹುಕಾಲದವರೆಗೆ ಸಾಧಾರಣ ಜಿಂಕೆಬೇಟೆಗೆ ಚರೆಯ ಬಂದೂಕನ್ನೂ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಬಿಟ್ಟರೆ ಉದ್ದನೆಯ ರೈಫಲಿಗೆ ಅವಕಾಶವಿರಲಿಲ್ಲ. ಮೃಗವು ಅದೇ, ನೆಲವು ಬೇರೆಯಾದುದರಿಂದ ಆಯುಧವು ಬೇರೆಯಾಯಿತು.

ನಮ್ಮ ಕಾಯಿದೆಯೂ ಹೀಗೆಯೇ ನಡೆದಿದೆ. ೧೯೫೯ರ ಆಯುಧಗಳ ಕಾಯಿದೆಯ ೧೩ನೆಯ ಪ್ರಕರಣವು ನಿಜವಾದ ಬೆಳೆರಕ್ಷಣೆಗಾಗಿ ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮವರ ಕೇಪಿನ ಕೋವಿಯನ್ನು. ಅದರಿಂದ ಸಾಲದೆಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕನ್ನು ಕೊಡಬಹುದು. ರೈಫಲಿನ ಹೆಸರು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಆದುದರಿಂದ ಬೆಳೆಯ ನೆಪದಲ್ಲಿ ರೈಫಲಿಗೆ ಅರ್ಜಿ ಹಾಕುವುದು ಕಾಲಹರಣ. ಅರ್ಜಿಯು ಬೆಂಗಳೂರು ನಗರದೊಳಗಾದರೆ ಪೊಲೀಸು ಕಮೀಷನರವರಿಗೂ, ಹೊರಗಾದರೆ ಜಿಲ್ಲೆಯ ಡೆಪ್ಯುಟಿ ಕಮೀಷನರವರಿಗೂ ಸಲ್ಲತಕ್ಕದ್ದು. ೨೦೧೯ರ ತಿದ್ದುಪಡಿಯಾದಂದಿನಿಂದ ಲೈಸೆನ್ಸಿನ ಅವಧಿಯು ಮೂರು ವರ್ಷಕ್ಕೆ ಬದಲಾಗಿ ಐದು ವರ್ಷ; ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರಕ್ಕೆ ಬದಲಾಗಿ ಎರಡು.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನು ಮುಂದಿದೆ. ಲೈಸೆನ್ಸಿರುವ ಬಂದೂಕಿನಿಂದ ಹೊಲಕ್ಕೆ ಬಿದ್ದ ಜಿಂಕೆಯನ್ನು ಹೊಡೆಯಬಹುದೆಂಬ ನಂಬಿಕೆಯು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಿಂದೆ ಹೇಗಿದ್ದರೂ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಬೇಟೆಯ ಲೈಸೆನ್ಸುಗಳನ್ನು ಪೂರ್ತಿಯಾಗಿ ತೆಗೆದುಹಾಕಿದ ಅದರ ೧೯೯೧ರ ತಿದ್ದುಪಡಿಯೂ ಬಂದ ಮೇಲೆ ಅದು ಅಪರಾಧ. ಆಯುಧದ ಲೈಸೆನ್ಸು ಬಂದೂಕನ್ನು ಇಟ್ಟುಕೊಳ್ಳುವುದಕ್ಕೆ ಅಪ್ಪಣೆಯೇ ಹೊರತು ಮೃಗವನ್ನು ಕೊಲ್ಲುವುದಕ್ಕೆ ಅಪ್ಪಣೆಯಲ್ಲ. ಕೊಡಗಿನವರಿಗೆ ಲೈಸೆನ್ಸಿನಿಂದಲೇ ವಿನಾಯಿತಿಯುಂಟೆಂದು ಕೆಲವರು ಉದಾಹರಿಸುತ್ತಾರೆ. ಆ ವಿನಾಯಿತಿಯು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೇರಿದ್ದು. ಅದೂ ಬಂದೂಕಿನ ಮಟ್ಟಿಗೆ ಮಾತ್ರ. ಜಿಂಕೆಯ ಮಟ್ಟಿಗೆ ಅವರಿಗೂ ಕಾಯಿದೆ ಒಂದೇ.

ಬೆಳೆಯನ್ನು ಹಾಳುಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೆ ಅಪ್ಪಣೆಯೇ ಇಲ್ಲವೆಂದಲ್ಲ. ಕಾಯಿದೆಯ ೧೧ನೆಯ ಪ್ರಕರಣದಂತೆ, ಎರಡನೆಯ ಪಟ್ಟಿಗೆ ಸೇರಿದ ಪ್ರಾಣಿಯು ನಿಂತ ಬೆಳೆಗೆ ಅಪಾಯಕಾರಿಯಾಗಿದೆಯೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ತೋರಿದರೆ, ಕಾರಣವನ್ನು ಬರೆದು ಅಪ್ಪಣೆ ಕೊಡಬಹುದು. ಮೊದಲನೆಯ ಪಟ್ಟಿಯ ಪ್ರಾಣಿಗೆ ಬೆಳೆಯ ಕಾರಣವು ಸಲ್ಲುವುದೇ ಇಲ್ಲ. ಕೃಷ್ಣಮೃಗವು ಮೊದಲನೆಯ ಪಟ್ಟಿಯಲ್ಲಿದೆ. ಜಿಂಕೆಯೆಂದು ತಿಳಿದು ಕೃಷ್ಣಮೃಗವನ್ನು ಹೊಡೆದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಯೂ, ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆಯೂ ಆಗುವುವು. ಇತರ ಅಪರಾಧಗಳಿಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ೨೦೨೨ರ ತಿದ್ದುಪಡಿಯಂತೆ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಬಂದೂಕಿನ ಲೈಸೆನ್ಸನ್ನು ರದ್ದುಮಾಡಿ ಐದು ವರ್ಷ ಮತ್ತೆ ಕೊಡದಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಉರುಳು ಒಡ್ಡುವುದು, ವಿಷವಿಡುವುದು, ಹಣ್ಣಿನೊಳಗೆ ಸಿಡಿಮದ್ದು ಇಡುವುದು ಇವೆಲ್ಲವೂ, ಪ್ರಾಣಿ ಸಾಯದಿದ್ದರೂ, ಬೇಟೆಯ ಪ್ರಯತ್ನವೆಂದೇ ಎಣಿಸಲ್ಪಡುವುವು.

ಹೀಗಿರಲು ಬೆಳೆಯನ್ನು ಕಾಯುವ ಬಗೆ ಹೇಗೆ? ಜಿಂಕೆಗೆ ಬೇಲಿಯೇ ಮದ್ದು. ಆದರೆ ಆಳೆತ್ತರದ ಬೇಲಿಯನ್ನು ಅದು ನೆಗೆಯುತ್ತದೆ. ಎಂಟು ಅಡಿ ಎತ್ತರದ ಬಲೆಗಂಬಿಯಾದರೆ ನಿಲ್ಲುತ್ತದೆ. ದಾಳಿಂಬೆ, ದ್ರಾಕ್ಷಿ, ತರಕಾರಿಗಳಂತಹ ಹಣದ ಬೆಳೆಗೆ ಈ ಖರ್ಚು ಗಿಟ್ಟುವುದು; ರಾಗಿಗೆ ಗಿಟ್ಟದು. ರಾಗಿಯವರಿಗೆ ಅಕ್ಕಪಕ್ಕದ ಹೊಲದವರು ಕೂಡಿ ಸರದಿಯ ಮೇಲೆ ಅಟ್ಟಣೆಯಲ್ಲಿ ಕಾಯುವುದೂ, ತಮಟೆ ದೀಪಗಳನ್ನು ದಿನಕ್ಕೊಂದು ಮೂಲೆಗೆ ಬದಲಾಯಿಸುವುದೂ ಉಳಿದ ದಾರಿ. ಒಂದೇ ಕಡೆಯಲ್ಲಿ ಒಂದೇ ಸದ್ದಾದರೆ ವಾರದೊಳಗೆ ಜಿಂಕೆಗೆ ಅದು ಪರಿಚಯವಾಗುತ್ತದೆ. ಮನೆಯ ವಿದ್ಯುತ್ತಂತಿಯನ್ನು ನೇರವಾಗಿ ಬೇಲಿಗೆ ಕೊಡುವುದನ್ನು ಮಾತ್ರ ಯಾರೂ ಮಾಡಕೂಡದು. ಅದರಿಂದ ಸತ್ತವರಲ್ಲಿ ಆ ಹೊಲದವರೂ ಅವರ ಮಕ್ಕಳೂ ಇದ್ದಾರೆ. ಕ್ಷಣಕಾಲ ಮಾತ್ರ ಬಡಿದು ಬಿಡುವ, ಅದಕ್ಕೆಂದೇ ತಯಾರಾದ ಸೌರಬೇಲಿಯ ಯಂತ್ರವು ಬೇರೆ. ನಷ್ಟವಾದಾಗ ಪೈರನ್ನು ಕೊಯ್ಯುವುದಕ್ಕೆ ಮೊದಲೇ ಹೆಜ್ಜೆಗುರುತು, ಮೇದ ಗಿಡಗಳ ಚಿತ್ರ ತೆಗೆದು, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು, ಪರಿಹಾರದ ವಿಚಾರವನ್ನು ಅಲ್ಲಿಯೇ ಕೇಳಿಕೊಳ್ಳಬೇಕು. ಕೊಯ್ದ ಮೇಲೆ ಹೋದರೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಗ್ರಾಮದ ಮುಖಂಡರಲ್ಲಿ ಎರಡು ವಿಜ್ಞಾಪನೆ. ಬಂದೂಕಿನ ಅರ್ಜಿ ಬಂದಾಗ ಠಾಣೆಯವರು ವಿಚಾರಣೆಗೆ ಬರುತ್ತಾರೆ. ಅರ್ಜಿದಾರನಿಗೆ ಹೊಲವುಂಟೆ, ಅಲ್ಲಿಗೆ ಪ್ರಾಣಿಗಳು ಬೀಳುವುದುಂಟೆ, ಆತನ ನಡತೆಯೆಂತಹುದು ಎಂದು ಕೇಳುವುದು ತಮ್ಮನ್ನೇ. ದಾಕ್ಷಿಣ್ಯಕ್ಕಾಗಿ ಹೌದೆಂದು ಹೇಳುವುದಕ್ಕೆ ಮೊದಲು ಆ ಹೊಲದ ಬದುವಿನ ಮೇಲೆ ಒಮ್ಮೆ ನಿಂತು, ನಾಲ್ಕು ದಿಕ್ಕಿಗೂ ಏಳುನೂರು ಗಜದೊಳಗೆ ಏನೇನಿದೆಯೆಂದು ನೋಡುವುದು ಒಳ್ಳೆಯದು. ಶಾಲೆಯಿದ್ದರೆ, ರಸ್ತೆಯಿದ್ದರೆ, ಅದನ್ನು ಮುಚ್ಚದೆ ಹೇಳಬೇಕು. ಎರಡನೆಯದು, ನಾಯಿ ಕಚ್ಚಿಯೋ ಗಾಡಿ ತಗುಲಿಯೋ ಸತ್ತ ಜಿಂಕೆಯು ಊರ ಸರಹದ್ದಿನಲ್ಲಿ ಸಿಕ್ಕಿದರೆ ಅದು ಸರ್ಕಾರದ ಸ್ವತ್ತು. ನಲವತ್ತೆಂಟು ಗಂಟೆಯೊಳಗೆ ಠಾಣೆಗಾಗಲಿ ಅರಣ್ಯಾಧಿಕಾರಿಗಾಗಲಿ ತಿಳಿಸತಕ್ಕದ್ದು. ಅದರ ಮಾಂಸವನ್ನು ಹಂಚಿಕೊಂಡವರು, ಕೊಂದವರು ತಾವಲ್ಲವೆಂದು ಹೇಳಿದರೂ, ತಪ್ಪಿಸಿಕೊಳ್ಳಲಾರರು. ತಾತನ ಕಾಲದ ಕಡವೆಯ ಕೊಂಬು ಗೋಡೆಯ ಮೇಲಿದ್ದು, ಅದಕ್ಕೆ ಒಡೆತನದ ಪ್ರಮಾಣಪತ್ರವಿಲ್ಲದಿದ್ದರೆ, ಆ ವಿಚಾರವನ್ನೂ ಅದೇ ಅರಣ್ಯ ಕಚೇರಿಯಲ್ಲಿ ಬರಹದ ಮೂಲಕ ತಿಳಿಸಿ ರಸೀತಿ ಪಡೆಯುವುದು.